ಒದೆಯಬಾರದ ಮೋಟಾರ್ ಸೈಕಲ್

ಅನುಮಾನ ನನ್ನ ಹುಟ್ಟುಗುಣ, ಸುಟ್ಟರೂ ಹೋಗುವಂಥದಲ್ಲ. ಅಂಗಡಿಯವನು ನಕ್ಕರೆ ತಕ್ಕಡಿ ನೋಡುತ್ತೇನೆ. ನಗದಿದ್ದರೆ ಎರಡು ಸಲ ನೋಡುತ್ತೇನೆ. ಇಂಥ ನಾನು ಅರವತ್ತರ ದಶಕದಲ್ಲಿ, ಸಿರುಗುಪ್ಪದಲ್ಲಿ ಮೇಷ್ಟ್ರಾಗಿದ್ದಾಗ, ನಮ್ಮ ದೇಶದಲ್ಲೇ ತಯಾರಾದ ಮೋಟಾರ್ ಸೈಕಲ್ ಕೊಂಡೆ. ಮೊದಲೆಲ್ಲ ಇಂಥ ಗಾಡಿಗಳು ಹಡಗಿನಲ್ಲಿ ಮದ್ರಾಸಿಗೆ ಬಂದಿಳಿಯುತ್ತಿದ್ದವು. ಆಮೇಲೆ ಬಿಡಿಭಾಗಗಳು ಪೆಟ್ಟಿಗೆಯಲ್ಲಿ ಬಂದವು, ನಮ್ಮವರು ಜೋಡಿಸಿದರು. ಬರಬರುತ್ತ ಒಂದೊಂದೇ ಭಾಗ ಇಲ್ಲೇ ತಯಾರಾಗತೊಡಗಿತಂತೆ. ಆ 'ಬರಬರುತ್ತ'ವೇ ನನ್ನ ನೆಮ್ಮದಿ ಕೆಡಿಸಿತು. ಬರಬರುತ್ತ ರಾಯರ ಕುದುರೆ ಏನಾಯಿತೆಂಬುದು ನಿಮಗೂ ಗೊತ್ತು.

ಗಾಡಿ ನೋಡಿದರೆ ಎಡಗಡೆ ಕಿಕ್ಕರ್ ಇತ್ತು, ಗೇರಿನ ಕಡ್ಡಿಯೇ ಇಲ್ಲ! ಕಾರ್ಖಾನೆಯವರು ಮರೆತರೋ, ಅಂಗಡಿಯವನು ಬಿಚ್ಚಿಕೊಂಡನೋ? ಕೇಳಿದ್ದಕ್ಕೆ ಅಂಗಡಿಯವನು, "ಎರಡಕ್ಕೂ ಅದೊಂದ ಐತ್ರಿ ಸರ. ಮ್ಯಾಲ ತಿರುವಿ ಒದ್ರ ಕಿಕ್ಕರ್, ಕೆಳಗ ಇಳಿಸಿದ್ರ ಗೇರ್" ಎಂದ. ನಕ್ಕ ಬೇರೆ.

ಕೇಳಿಕೊಂಡು ಮನೆಗೆ ಬರುವಷ್ಟರಲ್ಲಿ ನನ್ನ ಹೆಂಡತಿ ಗೌರಮ್ಮ ಗಾಡಿಗೆ ಪೂಜೆ ಮಾಡಿ ಆ ಕಿಕ್ಕರಿಗೇ ವಿಭೂತಿ ಬಳಿದಿದ್ದಳು. "ಪೂಜಿ ಮಾಡಿದ್ದನ್ನ ಒದೀತಾರೇನ್ರಿ? ಗೇರಿಗಂತ ಮೆಲ್ಲಕ ಕಾಲು ಹಚ್ರಿ, ಒದಿಬ್ಯಾಡ್ರಿ" ಎಂದು ಅಪ್ಪಣೆಯಾಯಿತು. ಅಂದಿನಿಂದ ತಳ್ಳಿ, ಓಡಿ, ಹತ್ತುವುದೇ ನನ್ನ ಪಾಡು. "ಹೊಸಾ ಗಾಡಿ, ಆಗ್ಲೇ ಕೆಟ್ಟೈತಿ" ಎಂದು ಓಣಿಯೆಲ್ಲ ಮರುಗಿತು. ಕೇಳೀ ಕೇಳೀ ನನಗೂ ಹೌದೆನಿಸಿತು.

ಹೀಗಿರುವಾಗ ಕುರುಗೋಡಿನ ತವರಿನಲ್ಲಿ ಗೌರಮ್ಮನ ಅಣ್ಣನ ಮಗುವಿಗೆ ತೊಟ್ಟಿಲು. ಸೋದರತ್ತೆ ಕಿವಿಯಲ್ಲಿ ಉಸುರದೆ ಹೆಸರಿಡುವಂತಿಲ್ಲ. "ನಿಮ್ಮ ಗಾಡಿ ನಂಬಿ ಬರಂಗಿಲ್ಲ" ಎಂದು ಅವಳು ಬಸ್ಸು ಹತ್ತಿದಳು. ಗಾಡಿ ಕೈಕೊಟ್ಟರೆ ಕೂಗಿ ನಿಲ್ಲಿಸಿ ಬಸ್ಸು ಹತ್ತೋಣವೆಂದು ನಾನು ಅದರ ಹಿಂದೆಯೇ ಧೂಳು ಕುಡಿಯುತ್ತ ಹೊರಟೆ. ಅರ್ಧ ದಾರಿಯಲ್ಲಿ ನಿಂತದ್ದು ಬಸ್ಸು! ಅದರ ಅಚ್ಚು ಮುರಿದಿತ್ತು. ಇಳಿದು ನನ್ನ ಹಿಂದೆ ಕೂತ ಗೌರಮ್ಮನ ಕಣ್ಣಲ್ಲಿ ನೀರು. "ಮುಹೂರ್ತ ಮೀರ್ತೈತ್ರಿ!" ನಾನು ಇಳಿದು ತಳ್ಳಹೋದೆ. "ಈಗೇನ್ ತಳ್ತೀರಿ? ಒದೀರಿ!"

ಒಂದೇ ಒದೆತಕ್ಕೆ ಗಾಡಿ ಶುರುವಾಯಿತು. ಹೆಸರಿಡುವ ಹೊತ್ತಿಗೆ ಸರಿಯಾಗಿ ಕುರುಗೋಡು ಮುಟ್ಟಿದೆವು. ಮಾವನವರು ಗಾಡಿಯ ಸುತ್ತ ಒಂದು ಸುತ್ತು ಹಾಕಿ ಕೇಳಿದರು, "ಪೂರಾ ನಮ್ಮ ದೇಶದ್ದ ಏನ್ರಿ ಅಳಿಯಂದ್ರ?"

"ಪೂರಾ ನಮ್ದರೀ" ಎಂದುಬಿಟ್ಟೆ.

ಅವರು ಅಷ್ಟಕ್ಕೇ ನಂಬಿದರು. ಈ ಪುಣ್ಯಾತ್ಮರು ನನಗೆ ಮಗಳನ್ನು ಹೇಗೆ ಕೊಟ್ಟರೆಂಬುದು ಆಗ ಹೊಳೆಯಿತು.