ಎಡಗಡೆ ತಟ್ಟೆ

ಪುರುಷೋತ್ತಮನಿಗೆ ಈ ಲೋಕದ ಮೇಲೆ ಒಂದೇ ಒಂದು ದೂರು: ಯಾರೂ ಸರಿಯಾಗಿ ತೂಕ ನೋಡುವುದಿಲ್ಲ. ತರಕಾರಿಯವನು ಮುಳ್ಳು ನಿಲ್ಲುವ ಮೊದಲೇ ತಟ್ಟೆ ಎತ್ತಿಬಿಡುತ್ತಾನೆ. ಹಳೇ ಪೇಪರಿನವನು ಕಟ್ಟಿನ ಅಡಿಗೆ ಮೆಲ್ಲಗೆ ಮೊಣಕಾಲು ಕೊಡುತ್ತಾನೆ. ಹೆಣ್ಣು ಕೊಡುವವರು ಗಂಡಿನ ಮೈಬಣ್ಣ ನೋಡಿ ಸುಮ್ಮನಾಗಿಬಿಡುತ್ತಾರೆ. (ಈ ಕೊನೆಯದನ್ನು ಸೇರಿಸಿದ್ದು ಅವನ ಹೆಂಡತಿ ರಾಗಿಣಿ.)

ಹೀಗೆ ದೂರುವ ಹಕ್ಕು ಅವನಿಗಿತ್ತು. ಬಾಪೂಜಿ ನಗರದಲ್ಲಿ ಮೂವತ್ತು ವರ್ಷದಿಂದ ಅವನದು ತಕ್ಕಡಿ ರಿಪೇರಿ ಅಂಗಡಿ. ಯಾವ ತಕ್ಕಡಿ ಬಂದರೂ ಮೊದಲು ತಟ್ಟೆ ಮಗುಚಿ ನೋಡುವುದು ಅವನ ಪದ್ಧತಿ. ಅಡಿಯಲ್ಲಿ ಅಂಟಿಸಿದ ಹುಣಸೆಹಣ್ಣಿನ ಉಂಡೆಯೋ ಮೇಣದ ಬಿಲ್ಲೆಯೋ ಸಿಕ್ಕಿತು ಅಂದರೆ ಆ ವ್ಯಾಪಾರಿಗೆ ಅವತ್ತು ಗ್ರಹಚಾರ. "ಏನಪ್ಪಾ, ಮೇಲ್ಗಡೆ ಫಳಫಳ ಅಂತ ತೊಳ್ದಿದೀಯ, ಅಡೀಗೆ ಹುಣಸೆಹಣ್ಣು ಮೆತ್ತಿದೀಯ. ಹೆಂಡ್ತಿ ಮಕ್ಳು ಇಲ್ವಾ ನಿಂಗೆ?" ಎಂದು ಶುರುವಾದ ಪ್ರವಚನ ಅರ್ಧ ಗಂಟೆಯೊಳಗೆ ಮಂಗಳ ಹಾಡಿದ್ದೇ ಇಲ್ಲ.

ಇಂಥ ಮಹಾನುಭಾವ ವಾಸವಿದ್ದದ್ದು ಚಂದ್ರಾ ಲೇಔಟಿನ ಒಂದು ಮನೆಯ ಮಹಡಿಯಲ್ಲಿ. ಬಾಡಿಗೆಗೆ ಬಂದು ಹತ್ತೊಂಬತ್ತು ವರ್ಷವಾಗಿತ್ತು. ಮಗಳು ಸ್ಮೃತಿ ಅಂಬೆಗಾಲಿಟ್ಟದ್ದು ಅಲ್ಲೇ. ಈಗ ನಾಗರಬಾವಿಯಲ್ಲಿ ಲಾ ಓದುತ್ತ ಅಪ್ಪನ ಮಾತಿಗೆಲ್ಲ 'ಅಬ್ಜೆಕ್ಷನ್' ಎನ್ನುತ್ತಿದ್ದುದೂ ಅಲ್ಲೇ. ಮನೆಯ ಒಡತಿ ಯಶೋದಮ್ಮ ಕೆಳಗಿದ್ದರು. ಅವರು ಪ್ರತಿ ಯುಗಾದಿಗೂ ತುಪ್ಪ ಸುರಿದ ಬಿಸಿ ಒಬ್ಬಟ್ಟು ತಂದುಕೊಟ್ಟು, ಪುರುಷೋತ್ತಮನ ಬಾಯಿ ತುಂಬಿರುವ ಹೊತ್ತು ನೋಡಿ ಬಾಡಿಗೆ ಏರಿಸುವ ವಿಷಯ ಎತ್ತುತ್ತಿದ್ದರು. ಅವನು ನುಂಗಿ ಉತ್ತರ ಕೊಡುವಷ್ಟರಲ್ಲಿ ಮೆಟ್ಟಿಲಿಳಿದು ಹೋಗಿರುತ್ತಿದ್ದರು.

ಈ ಸಲದ ಯುಗಾದಿಯಲ್ಲಿ ಏರಿಸಿದ ಬಾಡಿಗೆ ಕೇಳಿ ಅವನಿಗೆ ಒಬ್ಬಟ್ಟು ಗಂಟಲಲ್ಲೇ ನಿಂತಿತು. ಮಾರನೆಯ ದಿನ ಪೇಪರಿನೊಳಗಿಂದ ಒಂದು ಬಣ್ಣದ ಕರಪತ್ರ ಜಾರಿ ಬಿತ್ತು. ಕೆಂಗೇರಿಯಿಂದಾಚೆ ಹೊಸ ಬಡಾವಣೆ. ಅರ್ಧ ಬಾಡಿಗೆಗೆ ಇಡೀ ಮನೆ. ಮೆಟ್ರೋದಿಂದ ಹತ್ತೇ ನಿಮಿಷ. (ಆ ಹತ್ತು ನಿಮಿಷವನ್ನು ಯಾರು, ಯಾವ ವಾಹನದಲ್ಲಿ, ಯಾವ ಕಾಲದಲ್ಲಿ ಅಳೆದರೆಂದು ಇಂದಿಗೂ ಪತ್ತೆಯಾಗಿಲ್ಲ.)

"ರಾಗಿಣಿ, ಹೋಗ್ಬಿಡೋಣ ಕಣೇ" ಎಂದ ಪುರುಷೋತ್ತಮ.

"ಎಲ್ಲಿಗೆ? ಮಾರ್ಕೆಟ್ಟಿಗಾ?"

"ಮನೆ ಖಾಲಿ ಮಾಡಿ, ಕೆಂಗೇರಿ ಆಚೆ."

ರಾಗಿಣಿ ಒಗ್ಗರಣೆಯ ಸೌಟನ್ನು ಕೈಯಲ್ಲೇ ಹಿಡಿದುಕೊಂಡು ಹೊರಗೆ ಬಂದಳು. "ನೋಡಿ, ಒಬ್ಬಟ್ಟು ತಿಂದು ಹೊಟ್ಟೆ ಕೆಟ್ಟಿದ್ರೆ ಓಮದ ನೀರು ಕುಡೀರಿ. ಮನೆ ಯಾಕೆ ಬಿಡ್ಬೇಕು?"

ಮಾತಿಗೆ ಮಾತು ಬೆಳೆಯಿತು. ಕೊನೆಗೆ ಪುರುಷೋತ್ತಮ ನ್ಯಾಯಾಧೀಶನ ಗತ್ತಿನಲ್ಲಿ ಕೈಯೆತ್ತಿದ. "ಜಗಳ ಬೇಡ. ಅಳೆದು ತೂಗಿ ನೋಡೋಣ" ಎಂದು ಅಟ್ಟದ ಮೇಲಿಂದ ತನ್ನ ತಾತನ ಕಾಲದ ಹಿತ್ತಾಳೆ ತಕ್ಕಡಿ ಇಳಿಸಿದ. ಅದು ಅವನ ಪ್ರಾಣ. ಪ್ರತಿ ಆಯುಧಪೂಜೆಗೂ ಅದನ್ನು ತಾನೇ ಕೂತು ಹುಣಸೆಹಣ್ಣು ಹಚ್ಚಿ ಉಜ್ಜಿ, ತೊಳೆದು, ಅರಿಶಿನ ಕುಂಕುಮ ಇಟ್ಟು ಫೋಟೋ ತೆಗೆದು, ಮತ್ತೆ ಅಟ್ಟಕ್ಕೇರಿಸುತ್ತಿದ್ದ. ರಾಗಿಣಿಗೆ ಅದನ್ನು ಮುಟ್ಟುವ ಅಧಿಕಾರ ಇರಲಿಲ್ಲ.

ವರಾಂಡದ ಕೊಕ್ಕೆಗೆ ತಕ್ಕಡಿ ಏರಿತು, ತೀರ್ಪಿನವರೆಗೆ ಮುಳ್ಳು ಆಡದಂತೆ ತಟ್ಟೆಗಳ ಅಡಿಗೆ ಒಂದು ಮಣೆ. ಎಡಗಡೆ ತಟ್ಟೆ 'ಹೋಗೋಣ', ಬಲಗಡೆ ತಟ್ಟೆ 'ಇರೋಣ'. ಕಾರಣ ಹೊಳೆದಾಗಲೆಲ್ಲ ಒಂದು ಹುಣಸೆಬೀಜ ಹಾಕಬೇಕು, ಭಾನುವಾರ ತೀರ್ಪು.

"ಅಪ್ಪ, ಬೀಜ ಎಣಿಸಿದ್ರೆ ಮುಗೀತಲ್ಲ? ತಕ್ಕಡಿ ಯಾಕೆ?" ಎಂದಳು ಸ್ಮೃತಿ.

"ಎಣಿಕೆ ಬೇರೆ, ತೂಕ ಬೇರೆ ಮಗಳೇ. ದೊಡ್ಡ ಕಾರಣಕ್ಕೆ ದೊಡ್ಡ ಬೀಜ, ಸಣ್ಣ ಕಾರಣಕ್ಕೆ ಸಣ್ಣದು."

"ಯಾವುದು ದೊಡ್ಡದು ಅಂತ ಹೇಳೋರು ಯಾರು?"

"ನಾನು" ಎಂದ ಅಪ್ಪ. ಮಗಳ ಅಬ್ಜೆಕ್ಷನ್ ಅಲ್ಲೇ ವಜಾ ಆಯಿತು.

ವಾರವಿಡೀ ಮನೆಯಲ್ಲಿ ಬೀಜಗಳ ಕಟಕಟ. ಬಾಡಿಗೆ ಅರ್ಧ, ಎಡಕ್ಕೊಂದು ದೊಡ್ಡ ಬೀಜ. ಒಳ್ಳೆಯ ಗಾಳಿ, ಎಡಕ್ಕೆ. ಸ್ಕೂಟರ್ ನಿಲ್ಲಿಸಲು ಜಾಗ, ಎಡಕ್ಕೆ. ಮಗಳ ಕಾಲೇಜು ಹತ್ತಿರ, ಬಲಕ್ಕೆ. ಅಂಗಡಿ ಹತ್ತಿರ, ಬಲಕ್ಕೆ. ಬೀದಿ ಕೊನೆಯ ದರ್ಶಿನಿಯ ಖಾಲಿ ದೋಸೆ, ಬಲಕ್ಕೆ. ಇದಕ್ಕೆ ಮಾತ್ರ ಪುರುಷೋತ್ತಮ ತಾನೇ ಹುಡುಕಿ ದಪ್ಪ ಬೀಜ ಕೊಟ್ಟ. ರಾಗಿಣಿ "ನಂಗೆ ಇಲ್ಲಿ ಅಭ್ಯಾಸ ಆಗಿದೆ" ಎಂದಾಗ, ಅಭ್ಯಾಸ ಎನ್ನುವುದು ಕಾರಣವೇ ಅಲ್ಲ ಎಂದು ತಳ್ಳಿಹಾಕಿದ.

ಶನಿವಾರ ಅವಳು ಬಹಳ ಹೊತ್ತು ತಕ್ಕಡಿಯ ಮುಂದೆ ನಿಂತಿದ್ದಳು.

"ಕೆಳಗಡೆ ಯಶೋದಮ್ಮ ಇದಾರೆ ರೀ" ಎಂದಳು.

"ಇದಾರೆ. ಅದಕ್ಕೇನೀಗ?"

"ಅಷ್ಟೇ. ಇದಾರೆ ಅಂತ. ಅದಕ್ಕೊಂದು ಬೀಜ."

"ಮನೆ ಓನರು ಇರೋದು ಒಂದು ಅನುಕೂಲಾನೇನೇ?" ಎಂದು ನಕ್ಕು, ಡಬ್ಬಿಯ ತಳ ಕೆದಕಿ, ಅರ್ಧಕ್ಕೇ ಮುರುಟಿದ ಒಂದು ಬೀಜ ಆರಿಸಿ ಅವಳ ಕೈಗಿಟ್ಟ. ಸ್ಮೃತಿಗೆ ಡೆಂಗಿ ಬಂದಾಗ ಯಶೋದಮ್ಮ ಮೂರು ದಿನ ಮಹಡಿಯಿಂದ ಇಳಿದೇ ಇರಲಿಲ್ಲ. ಅದು ಅವನಿಗೆ ನೆನಪಿರಲಿಲ್ಲವೆಂದಲ್ಲ, ಆ ಹೊತ್ತಿಗೆ ನೆನಪಾಗಲಿಲ್ಲ.

ಭಾನುವಾರ ಬೆಳಗ್ಗೆ ಸ್ನಾನ ಮಾಡಿ ಬಂದು ಪುರುಷೋತ್ತಮ ತಟ್ಟೆಗಳ ಅಡಿಯ ಮಣೆ ತೆಗೆದ. ಮುಳ್ಳು ಅತ್ತಿತ್ತ ಆಡಿ ಎಡಕ್ಕೆ ವಾಲಿ ನಿಂತಿತು. ಬಹಳವೇನಲ್ಲ, ಕೂದಲೆಳೆಯಷ್ಟು. ಆದರೂ ವಾಲಿತ್ತು.

"ನೋಡು. ನಾನು ಹೇಳ್ತಿಲ್ಲ, ತಕ್ಕಡಿ ಹೇಳ್ತಾ ಇದೆ."

ರಾಗಿಣಿ ಎರಡೂ ತಟ್ಟೆಯ ಬೀಜಗಳನ್ನು ಬೇರೆ ಬೇರೆ ಪೊಟ್ಟಣ ಕಟ್ಟಿ ಒಳಗಿಟ್ಟಳು. (ಅವಳು ಯಾವುದನ್ನೂ ಬಿಸಾಡುವವಳಲ್ಲ.) ಮೆಟ್ಟಿಲಲ್ಲಿ ಹೂವಿನ ಬುಟ್ಟಿ ಹಿಡಿದು ನಿಂತಿದ್ದ ಯಶೋದಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ಬಾಡಿಗೆ ಬೇಕಾದ್ರೆ ಮಾತಾಡ್ಕೋಬೋದಿತ್ತು ಪುರುಷೋತ್ತಮ್. ಆದ್ರೆ ನಿಮ್ಮ ತಕ್ಕಡಿ ಹೇಳಿದ್ಮೇಲೆ ನಾನೇನು ಹೇಳ್ಲಿ? ಅದು ಸುಳ್ಳು ಹೇಳುತ್ತಾ?" ಎಂದರು.

ಆಷಾಢ ಬಂದರೆ ಹೊಸ ಮನೆಗೆ ಹಾಲುಕ್ಕಿಸುವ ಹಾಗಿಲ್ಲ ಎಂದು ಎಲ್ಲವೂ ಅವಸರದಲ್ಲಿ ನಡೆಯಿತು. ಹೊಸ ಬಡಾವಣೆಯಲ್ಲಿ ಉಕ್ಕಿಸಲು ಒಲೆ ಇತ್ತು, ಪಾತ್ರೆ ಇತ್ತು, ಮುಹೂರ್ತವಿತ್ತು, ಹಾಲು ಇರಲಿಲ್ಲ. ಎರಡು ಕಿಲೋಮೀಟರ್ ಸುತ್ತಿದರೂ ಒಂದು ಹಾಲಿನ ಬೂತು ಕಾಣಲಿಲ್ಲ. ಕೊನೆಗೆ ಯಶೋದಮ್ಮ ಹಾರೈಸಲೆಂದು ಆಟೋದಲ್ಲಿ ಬರುವಾಗ ಚಂದ್ರಾ ಲೇಔಟಿನಿಂದಲೇ ಅರ್ಧ ಲೀಟರ್ ತಂದರು. ಹಾಲು ಉಕ್ಕಿತು. ಯಾವ ದಿಕ್ಕಿಗೆ ಉಕ್ಕಿತೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಆಮೇಲೆ ಎಡಗಡೆ ತಟ್ಟೆಯ ಬೀಜಗಳು ಒಂದೊಂದಾಗಿ ಉದುರತೊಡಗಿದವು. ಗಾಳಿ ಏನೋ ಒಳ್ಳೆಯದೇ, ಆದರೆ ಅದರ ಜೊತೆಗೆ ಸುತ್ತಲೂ ಕಟ್ಟುತ್ತಿದ್ದ ಮನೆಗಳ ಸಿಮೆಂಟೂ ಬರುತ್ತಿತ್ತು. ಸ್ಕೂಟರ್ ನಿಲ್ಲಿಸಲು ಬೇಕಾದಷ್ಟು ಜಾಗವಿತ್ತು, ಆದರೆ ಆ ಸ್ಕೂಟರಿಗೆ ಮನೆಯಲ್ಲಿ ನಿಲ್ಲುವ ಪುರುಸೊತ್ತೇ ಇರಲಿಲ್ಲ; ಕೊತ್ತಂಬರಿ ಸೊಪ್ಪಿಗೂ ಅದು ಕೆಂಗೇರಿಗೆ ಹೋಗಬೇಕು. ಉಳಿದ ಅರ್ಧ ಬಾಡಿಗೆಯನ್ನು ನೀರಿನ ಟ್ಯಾಂಕರೂ ಪೆಟ್ರೋಲೂ ಪಾಲು ಮಾಡಿಕೊಂಡವು. ಸ್ಮೃತಿ ಮೊದಲ ಪೀರಿಯಡ್ಡಿನ ಮೇಷ್ಟರ ಮುಖವನ್ನೇ ಮರೆತಳು. ಆಟೋದವರು ಬಡಾವಣೆಯ ಹೆಸರು ಕೇಳಿ "ರಿಟರ್ನ್ ಸಿಗಲ್ಲ ಸಾರ್" ಎಂದು ಮುಖ ತಿರುಗಿಸಿದರು. ಊಟ ತರುವ ಹುಡುಗರು ದಾರಿ ತಪ್ಪಿ ಫೋನ್ ಮಾಡಿ, "ಅಣ್ಣ, ಇಲ್ಲಿ ರೋಡೇ ಮುಗ್ದೋಗಿದೆ, ಮುಂದೆ ಹೊಲ ಇದೆ, ನೀವು ಎಲ್ಲಿದೀರ?" ಎನ್ನುತ್ತಿದ್ದರು.

ಪುರುಷೋತ್ತಮ ಮಾತ್ರ ಸೋಲೊಪ್ಪಲಿಲ್ಲ. "ಹೊಸದರಲ್ಲಿ ಹಾಗೇ" ಎನ್ನುತ್ತಿದ್ದ. ಆದರೆ ಪ್ರತಿ ಸಂಜೆ ಅಂಗಡಿ ಮುಚ್ಚಿದ ಮೇಲೆ ಅವನ ಸ್ಕೂಟರ್ ಮೈಸೂರು ರಸ್ತೆ ಹಿಡಿಯುವ ಬದಲು ಚಂದ್ರಾ ಲೇಔಟಿಗೆ ತಿರುಗಿ, ದರ್ಶಿನಿಯ ಮುಂದೆ ನಿಲ್ಲುತ್ತಿತ್ತು. ಅವನು ಅಲ್ಲಿ ನಿಂತುಕೊಂಡೇ ಕಾಫಿ ಕುಡಿದು, ಹಳೆಯ ಮನೆಯ ಮಹಡಿಯಲ್ಲಿ ದೀಪ ಉರಿಯುವುದನ್ನು ದೂರದಿಂದ ನೋಡಿ ಹೊರಡುತ್ತಿದ್ದ. ಅಲ್ಲಿ ಈಗ ಗದಗದ ಕಡೆಯ ದೇವೇಂದ್ರಪ್ಪ, ಹೊನ್ನವ್ವ ಎಂಬ ದಂಪತಿ ಇದ್ದರು. ಹೊನ್ನವ್ವ ಹಚ್ಚಿದ ಆ ದೀಪ ನೋಡಿದರೆ ಅವನಿಗೆ ವಿನಾಕಾರಣ ಹೊಟ್ಟೆಯುರಿಯುತ್ತಿತ್ತು. ತಪ್ಪು ಮಾಡಿದೆ ಎಂದು ಅವನಿಗೆ ಗೊತ್ತಾಗಿತ್ತು. ಹೆಂಡತಿಗೆ ಹೇಳುವ ಧೈರ್ಯ ಇರಲಿಲ್ಲ.

ಆಯುಧಪೂಜೆ ಬಂತು. ಬೆಳಗ್ಗೆ ಎಂಟಕ್ಕೆ ಪುರುಷೋತ್ತಮ ನಡುಮನೆಯಲ್ಲಿ ಪೇಪರ್ ಹಾಸಿ, ತಾತನ ತಕ್ಕಡಿ ಇಳಿಸಿ, ಕಿಟಕಿಯ ಕಂಬಿಗೆ ಸಿಕ್ಕಿಸಿ ಕೂತ. ತಟ್ಟೆಗಳಲ್ಲಿ ಏನೂ ಇರಲಿಲ್ಲ. ಆದರೂ ಮುಳ್ಳು ಎಡಕ್ಕೆ ವಾಲಿತ್ತು.

ಗಾಳಿ ಇರಬಹುದೆಂದು ಅವನು ಎದ್ದುಹೋಗಿ ಫ್ಯಾನ್ ಆರಿಸಿದ. ಮುಳ್ಳು ಹಾಗೇ ಇತ್ತು. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ, ತನ್ನ ಸ್ವಂತ ತಕ್ಕಡಿಯ ಎಡಗಡೆ ತಟ್ಟೆಯನ್ನು ಮಗುಚಿ ನೋಡಿದ.

ಅಡಿಯಲ್ಲಿ, ಸರಪಳಿಯ ಬಳೆ ಸೇರುವ ಸಂದಿಯಲ್ಲಿ, ಒಣಗಿ ಕಲ್ಲಾದ ಹುಣಸೆಹಣ್ಣಿನ ಒಂದು ಉಂಡೆ. ಹೋದ ವರ್ಷದ ಆಯುಧಪೂಜೆಯಲ್ಲಿ ಉಜ್ಜಿದ್ದು. ಮೇಲ್ಗಡೆ ಫಳಫಳ ಅಂತ ತೊಳೆದಿದ್ದ, ಅಡಿಗೆ ಹುಣಸೆಹಣ್ಣು ಮೆತ್ತಿಕೊಂಡಿತ್ತು. ಅವನಿಗೆ ಹೆಂಡತಿಯೂ ಇದ್ದಳು, ಮಗಳೂ ಇದ್ದಳು. ಇಬ್ಬರೂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಅದೇನು ರೀ?"

"ಏನಿಲ್ಲ."

"ಅಪ್ಪ," ಎಂದಳು ಸ್ಮೃತಿ, "ಒಳಗೆ ಒಂದು ಬೀಜ ಬೇರೆ ಇದೆ. ಅದು ಯಾವ ಕಾರಣಕ್ಕೆ ಹಾಕಿದ್ದು?"

ಸ್ಕ್ರೂ ಡ್ರೈವರಿನಲ್ಲಿ ಎಬ್ಬಿದಾಗ ಉಂಡೆ ಟಪ್ಪನೆ ಪೇಪರಿನ ಮೇಲೆ ಬಿತ್ತು. ಮುಳ್ಳು ನೆಟ್ಟಗೆ ನಡುವೆ ನಿಂತಿತು. ರಾಗಿಣಿ ಒಳಗೆ ಹೋಗಿ ಎರಡು ಪೊಟ್ಟಣ ತಂದಳು. ಅವಳು ಬಯ್ಯಲಿಲ್ಲ, ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಎಡಗಡೆಯವು ಎಡಕ್ಕೆ, ಬಲಗಡೆಯವು ಬಲಕ್ಕೆ ಸುರಿದಳು. ಮುರುಟಿದ ಒಂದು ಬೀಜವನ್ನು ಮಾತ್ರ ಕೈಯಲ್ಲೇ ಉಳಿಸಿಕೊಂಡಳು. ತಟ್ಟೆಗಳು ಸಮಸಮವಾಗಿ ನಿಂತವು.

"ಇದು ಯಶೋದಮ್ಮಂದು" ಎಂದು ಅದನ್ನೂ ಹಾಕಿದಳು. ಬಲಗಡೆ ತಟ್ಟೆ ಮೆಲ್ಲಗೆ ಕೆಳಗಿಳಿಯಿತು.

ಪುರುಷೋತ್ತಮ ಆ ಸಣ್ಣ ಬೀಜವನ್ನು ನೋಡುತ್ತ ಕೂತ. ಅವತ್ತು ಡಬ್ಬಿಯ ತಳ ಕೆದಕಿದ ತನ್ನ ಕೈಯನ್ನು ಮುರಿದುಹಾಕಬೇಕೆನ್ನಿಸಿತು. "ತಪ್ಪಾಯ್ತು ಕಣೇ" ಎಂದ. ಮದುವೆಯಾದ ಇಪ್ಪತ್ಮೂರು ವರ್ಷದಲ್ಲಿ ಈ ಮಾತು ಅವನ ಬಾಯಿಂದ ಬಂದದ್ದು ಇದೇ ಮೊದಲು. ರಾಗಿಣಿ ಒಳಗೆ ಹೋಗಿ ದೀಪದ ಕಂಬಗಳನ್ನು ಸಿಂಕಿಗೆ ಹಾಕಿಕೊಂಡಳು. ಸ್ಮೃತಿ ಸ್ಕೂಟರ್ ತೊಳೆಯಲು ಹೊರಗೆ ಹೋದಳು.

ಅಷ್ಟರಲ್ಲಿ ಫೋನ್ ಬಂತು. ಅಡುಗೆಮನೆವರೆಗೂ ಕೇಳುವ ದನಿ: ಯಶೋದಮ್ಮ.

"ಹಬ್ಬ ಜೋರಾ ಪುರುಷೋತ್ತಮ್? ರಾಗಿಣಿ ಚೆನ್ನಾಗಿದಾಳಾ? ಒಂದು ಸಹಾಯ ಆಗ್ಬೇಕಿತ್ತು. ಮಹಡಿ ಮೇಲಿನ ಹೊನ್ನವ್ವ ಇದಾರಲ್ಲ, ಅವ್ರಿಗೂ ಅವರ ಯಜಮಾನ್ರಿಗೂ ಒಂದು ವಾರದಿಂದ ಒಂದೇ ಜಗಳ. ಇಲ್ಲಿ ಬಾಡಿಗೆ ಜಾಸ್ತಿ, ಕೆಂಗೇರಿ ಆಚೆ ಎಲ್ಲಾದ್ರೂ ಅರ್ಧಕ್ಕೆ ಸಿಗುತ್ತೆ, ಹೋಗ್ಬಿಡೋಣ ಅಂತ ಅವರು. ಬೇಡ ಅಂತ ಹೊನ್ನವ್ವ. ನಾನೇ ಹೇಳ್ದೆ, ಪುರುಷೋತ್ತಮ್ ಹತ್ರ ಒಂದು ತಕ್ಕಡಿ ಇದೆ, ಸುಳ್ಳು ಹೇಳಲ್ಲ ಅಂತ. ನಾಳೆ ಅಂಗಡಿಗೆ ಬರ್ತಾ ತಂದ್ಕೊಡ್ತೀರಾ?"

ಪುರುಷೋತ್ತಮ ಫೋನನ್ನು ಇನ್ನೊಂದು ಕಿವಿಗೆ ಹಿಡಿದ. "ಅವ್ರು ಬಿಟ್ರೆ... ಮನೆ ಯಾರಿಗೆ ಕೊಡ್ತೀರಿ?"

"ಇನ್ನೂ ಯಾರಿಗೂ ಹೇಳಿಲ್ಲಪ್ಪ. ಯಾಕೆ, ನಿಮ್ಮ ಕಡೆಯೋರು ಯಾರಾದ್ರೂ ಇದಾರಾ?"

"ಇದಾರೆ. ಒಳ್ಳೇ ಜನ. ಮೂರೇ ಜನ. ನಾಳೆ ತರ್ತೀನಿ" ಎಂದು ಫೋನ್ ಇಟ್ಟ.

ಫೋನಿಟ್ಟು ಪೇಪರಿನ ಮೇಲೆ ನೋಡಿದರೆ ಉಂಡೆ ಇರಲಿಲ್ಲ. ಅಡುಗೆಮನೆಗೆ ಓಡಿದ. ರಾಗಿಣಿ ಅದನ್ನು ನೀರಲ್ಲಿ ನೆನೆಸಿ ದೀಪದ ಕಂಬಕ್ಕೆ ಹಚ್ಚಿ ಉಜ್ಜುತ್ತಿದ್ದಳು. "ವೇಸ್ಟ್ ಯಾಕೆ ಮಾಡೋದು? ಯಾಕೆ, ಬೇಕಿತ್ತಾ?"

"ಛೇ, ನಂಗ್ಯಾಕೆ?" ಎಂದ ಅವನು, ಅವಳು ಅತ್ತ ತಿರುಗುವುದನ್ನೇ ಕಾದು ಕಪಾಟಿನ ಹುಣಸೆಹಣ್ಣಿನ ಭರಣಿಗೆ ಕೈಹಾಕಿದ. ಎಷ್ಟು ವ್ಯಾಪಾರಿಗಳ ಮುಖಕ್ಕೆ ಇಂಥದೇ ಉಂಡೆ ಹಿಡಿದು ಪ್ರವಚನ ಮಾಡಿದ್ದ ಕೈ ಅದು! ಆ ಕೈ ಈಗ ಒಂದು ಚೂರನ್ನು ಕಿತ್ತು, ಅಳತೆ ನೋಡಿ, ಗೋಲಿಯಷ್ಟು ಉಂಡೆ ಕಟ್ಟುತ್ತಿತ್ತು.

"ಅಷ್ಟು ಸಾಲಲ್ಲ ರೀ" ಎಂದಳು ರಾಗಿಣಿ, ತಿರುಗಿಯೂ ನೋಡದೆ. "ಯಶೋದಮ್ಮ ಈ ಹಬ್ಬಕ್ಕೆ ಹೊನ್ನವ್ವಂಗೂ ಒಬ್ಬಟ್ಟು ಕೊಟ್ಟಿರ್ತಾರೆ, 'ಇರೋಣ' ತಟ್ಟೆ ಭಾರ ಆಗಿರುತ್ತೆ. ಸ್ವಲ್ಪ ದೊಡ್ಡದೇ ತಗೊಳ್ಳಿ."