ಹಲಗೆ ಸಂದಿಯ ಗೋಲಿ

ನಾನು ತೆಪ್ಪಗೆ ಕೂತಿದ್ರೂ ಏನಾದ್ರೊಂದು ಬಂದು ನನಗೇ ಡಿಕ್ಕಿ ಹೊಡೀತದೆ. ಈಗ ಗುಂಡ್ಲುಪೇಟೆ ಪಂಚರ್ ಅಂಗಡೀಲಿ ಕೂತರೂ ಅಷ್ಟೆ, ಮುಂಚೆ ಒಂಬತ್ತನೇ ಕ್ಲಾಸಿನ ಕೊನೇ ಬೆಂಚಲ್ಲಿ ಕೂತಿದ್ದಾಗಲೂ ಅಷ್ಟೆ.

ಎತ್ತಿ ನೋಡನ

ಸೈನ್ಸ್ ಮೇಷ್ಟ್ರು ಒಂದಿನ ಎರಡು ಹಲಗೆ ಒಂದರ ಮೇಲೊಂದು ಜೋಡಿಸಿ ತಂದರು. ನಡುವೆ ಗೋಲಿ ಉರುಳುವಷ್ಟು ಸಂದು, ಸುತ್ತ ಇಳಿಬಿಟ್ಟ ಬಟ್ಟೆ, ಒಳಗೆ ಏನೋ ಅಂಟಿಸಿದ್ದರು.

"ಪ್ರೋಟಾನಿನ ಒಳಗಿರೋದು ಯಾವ ಕಣ್ಣಿಗೂ ಕಾಣಲ್ಲ. ಎಲೆಕ್ಟ್ರಾನ್ ಬೀಸಿ ಹೊಡೀತಾರೆ. ಅದು ಯಾವ ಕಡೆ ಚಿಮ್ಮಿತು ಅಂತ ನೋಡಿ ಒಳಗಿನದನ್ನ ತಿಳ್ಕೋತಾರೆ. ಹಂಗೇ ಗೋಲಿ ಬಿಟ್ಟು ಹೇಳಿ, ಇದರೊಳಗೇನಿದೆ?"

ಎಲ್ಲರೂ ಗೋಲಿ ಬಿಟ್ಟರು. ನಾನು ಹೋಗಿ ಬಟ್ಟೆ ಎತ್ತಿ, "ಸೋಪಿನ ಡಬ್ಬಿ ಸಾ" ಅಂದೆ.

ಮೇಷ್ಟ್ರು ಬೈಯಲಿಲ್ಲ. "ಪ್ರೋಟಾನಿಗೂ ಹಿಂಗೆ ಬಟ್ಟೆ ಇದ್ದಿದ್ರೆ ವಿಜ್ಞಾನಿಗಳು ಮಧ್ಯಾಹ್ನಕ್ಕೇ ಮನೆಗೆ ಹೋಗ್ತಿದ್ರು ಕಣಪ್ಪ" ಅಂದರು.

ಲಾರಿ

ಕೇರಳಕ್ಕೆ ಹೋಗೋ ತರಕಾರಿ ಲಾರಿಯೊಂದು ಟಾರ್ಪಾಲ್ ಹೊದ್ದು ನಿಂತಿತ್ತು. "ಒಳಗೇನದೆ ಹೇಳ್ತೀನಿ ನೋಡ್ಲಾ" ಅಂತ ಗೆಳೆಯನ ಮುಂದೆ ಸಣ್ಣ ಕಲ್ಲು ಬೀಸಿದೆ. ಮೆತ್ತಗೆ ಬಿತ್ತು. "ಕೋಸಲ್ಲ ಕಣ್ಲಾ, ಟೊಮೇಟೊ." ಖಾತ್ರಿಗೆ ಇನ್ನೊಂದು ಬೀಸಿದೆ. ಟಾರ್ಪಾಲಿನಡಿ ಮಲಗಿದ್ದ ಮಲಯಾಳಿ ಕ್ಲೀನರ್ "ಎಡಾ" ಅಂತ ಎದ್ದು ಅಟ್ಟಿಸ್ಕೊಂಡು ಬಂದು ಬೆನ್ನಿಗೆ ಎರಡು ಬಿಟ್ಟ.

ಮೇಷ್ಟ್ರಿಗೆ ಬೆನ್ನು ತೋರಿಸಿದೆ. "ಡಿಕ್ಕಿಯಲ್ಲಿ ಹೊಡೆದ ವಸ್ತುವಿಗೂ ಅಷ್ಟೇ ಏಟು ಬೀಳುತ್ತೆ ಅನ್ನೋದು ನಾಳೆ ಪಾಠ. ನೀನು ಇವತ್ತೇ ಓದ್ಕೊಂಡು ಬಂದಿದ್ದೀಯ" ಅಂದರು.

ತಪ್ಪು ಉತ್ತರ

ಆ ವರ್ಷವೇ ಅವರಿಗೆ ಚಾಮರಾಜನಗರಕ್ಕೆ ವರ್ಗ ಆಯ್ತು. ಹೊರಡುವಾಗ ಆ ಹಲಗೆ ನನಗೆ ಕೊಟ್ಟು, "ಒಳಗೆ ಬೇರೇನೋ ಅಂಟಿಸಿದ್ದೀನಿ. ಬಟ್ಟೆ ಎತ್ತಬೇಡ. ಗೊತ್ತಾದ ದಿನ ಬಂದು ಹೇಳು" ಅಂದರು. ಅವರಿಲ್ಲದ ಸ್ಕೂಲು ನನಗೆ ಬೇಡಾಯ್ತು, ಪಂಚರ್ ಅಂಗಡಿ ಸೇರ್ಕೊಂಡೆ.

ಅಂಗಡೀಲಿ ಗಿರಾಕಿ ಇಲ್ಲದಾಗ ಗೋಲಿ ಬಿಡ್ತಾ ಕೂರ್ತಿದ್ದೆ. ಹೋದ ಗೋಲಿ ತಿರುಗಿ ಬರ್ತದೆ. ಮೇಷ್ಟ್ರು ಬರಲ್ಲ.

ಒಂದೇ ವಾರಕ್ಕೆ ಗೊತ್ತಾಯ್ತು, ಒಳಗಿರೋದು ಮೂರು ಗೋಲಿ. ಪ್ರೋಟಾನಿನೊಳಗೂ ಕ್ವಾರ್ಕ್ ಅನ್ನೋ ಚೂರು ಮೂರೇ ಅಂತ ಅವರೇ ಹೇಳಿದ್ದರು. ಕಾಯಿನ್ ಫೋನಲ್ಲೇ ಹೇಳಬಹುದಿತ್ತು. ಆದ್ರೂ ಚಾಮರಾಜನಗರದ ಬಸ್ ಹತ್ತಿದೆ. ದಾರೀಲಿ ಹೊಳೀತು: ಸರಿಯಾಗಿ ಹೇಳ್ಬುಟ್ರೆ ಇನ್ನೊಂದ್ಸಲ ಬರಕ್ಕೆ ನೆಪ ಏನು?

ಮೇಷ್ಟ್ರ ಮನೆಗೆ ಹೋಗಿ "ಚೌಕ ಸಾ" ಅಂದೆ.

"ಅಲ್ಲ. ಮತ್ತೆ ನೋಡ್ಕೊಂಡು ಬಾ."

ಆಮೇಲೊಂದು ಭಾನುವಾರ ತ್ರಿಕೋನ ಅಂದೆ, ಇನ್ನೊಂದು ಭಾನುವಾರ ಬೀಗದಕೈ. ಹೋದ ವಾರ "ಬಾಚಣಿಗೆ ಸಾ" ಅಂದಾಗ ಅವರ ಹೆಂಡ್ತಿ ಕಾಫಿ ತಂದಿಟ್ಟು, "ಮೂರು ಗೋಲಿ ಅಂಟಿಸಕ್ಕೆ ಗೋಂದು ಕೊಟ್ಟೋಳು ನಾನು. ಈ ಹುಡುಗನಿಗೆ ಇನ್ನೂ ಹೊಳೀಲಿಲ್ವಾ?" ಅಂದುಬಿಟ್ಟರು.

ನಾನು ಕೇಳಿಸದವನ ಹಂಗೆ ಕಾಫಿ ಕುಡಿದೆ.

ಮೇಷ್ಟ್ರೂ ಕೇಳಿಸದವರ ಹಂಗೆ, "ಬಾಚಣಿಗೆ ಅಲ್ಲ ಕಣೋ. ಮುಂದಿನ ಭಾನುವಾರ ಬಾ" ಅಂದರು.