ನಮ್ಮ ಭಾವನ ಒಂಬತ್ತು ಗುಂಡಿಗಳು

ನಮ್ಮ ಭಾವ ಮನುಷ್ಯರನ್ನು ಪೂರ್ತಿ ನಂಬುತ್ತಾರೆ. ಮನುಷ್ಯರ ಬೆರಳುಗಳನ್ನು ಮಾತ್ರ ನಂಬುವುದಿಲ್ಲ. ಎದುರಿಗೆ ಕೂತವರು ಎಷ್ಟೇ ಓದಿದವರಾಗಿರಲಿ, ಅವರ ಕೈಗೆ ಫೋನು ಬಂತೆಂದರೆ ಸಾಕು, ಭಾವನ ಕಣ್ಣು ಅವರ ಹೆಬ್ಬೆರಳಿನ ಮೇಲೆ! ‘ಈಗ ತಪ್ಪು ಒತ್ತುತ್ತಾರೆ, ಅಯ್ಯೋ, ಒತ್ತೇಬಿಟ್ಟರು’ ಎಂದು ಕೂತಲ್ಲೇ ಬೆವರುತ್ತಾರೆ. ಇದಕ್ಕೆಲ್ಲ ಕಾರಣ ಅವರ ಕೆಲಸ. ಮೈಸೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ, ಆ್ಯಪುಗಳ ಪರದೆಯ ಮೇಲೆ ಯಾವ ಗುಂಡಿ ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು, ಅಸಲಿಗೆ ಇರಬೇಕೋ ಬೇಡವೋ ಎಂದು ತೀರ್ಮಾನಿಸುವುದು ಅವರ ಉದ್ಯೋಗ. ಇಂಥದ್ದಕ್ಕೂ ಸಂಬಳ ಕೊಡುತ್ತಾರೆಯೇ ಎಂದು ಕೇಳಬೇಡಿ. ನಾನು ಒಮ್ಮೆ ಕೇಳಿ ಅಕ್ಕನಿಂದ ಚೆನ್ನಾಗಿ ಬೈಸಿಕೊಂಡಿದ್ದೇನೆ.

ಆಫೀಸಿನ ಗಾಬರಿಯನ್ನು ಅವರು ಆಫೀಸಿನಲ್ಲೇ ಬಿಟ್ಟು ಬರುತ್ತಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ದಟ್ಟಗಳ್ಳಿಯ ಅವರ ಮನೆಯಲ್ಲಿ ಟಿವಿ ರಿಮೋಟಿಗೆ ಮೈತುಂಬ ಕಪ್ಪು ಟೇಪು ಸುತ್ತಿದ್ದರು. ಅಷ್ಟೊಂದು ಗುಂಡಿ ನೋಡಿದರೆ ಯಾರಿಗೂ ಗಾಬರಿಯಾಗುತ್ತದಂತೆ. ಮೂರೇ ಮೂರು ಗುಂಡಿಗಳನ್ನು ಹೊರಗೆ ಬಿಟ್ಟಿದ್ದರು. ಸರಳ! ಆದರೆ ಸದ್ದು ಜಾಸ್ತಿ ಮಾಡುವ ಗುಂಡಿ ಹೊರಗೆ ಉಳಿದು, ಕಡಿಮೆ ಮಾಡುವುದು ಟೇಪಿನ ಒಳಗೆ ಸೇರಿಹೋಗಿತ್ತು. ವಾರ ಕಳೆಯುವುದರೊಳಗೆ ಪಕ್ಕದ ಮನೆಯವರು ಗೇಟಿನ ಹತ್ತಿರ ಬಂದರು.

“ಸಾರ್, ನಮ್ಮನೇಲಿ ಟಿವಿ ಹಾಕೋದೇ ಬಿಟ್ಬುಟ್ವಿ. ಸೀರಿಯಲ್ಲು ನಿಮ್ಮನೇದೇ ಕೇಳ್ಸುತ್ತೆ. ಜಾಹೀರಾತು ಬಂದಾಗ ಮಾತ್ರ ಒಸಿ ಬಾಗ್ಲು ಹಾಕ್ಕೊಳ್ಳಿ!”

ಇದರಿಂದ ಕಂಗಾಲಾದ ಭಾವ ಮುಂದಿನ ಕೆಲಸದಲ್ಲಿ ಪೂರ್ತಿ ಇನ್ನೊಂದು ದಿಕ್ಕಿಗೆ ವಾಲಿದರು. ಬನ್ನಿಮಂಟಪದ ಹತ್ತಿರದ ಒಂದು ಹೋಟೆಲಿಗೆ ಆರ್ಡರ್ ತೆಗೆದುಕೊಳ್ಳುವ ಆ್ಯಪು ಮಾಡಬೇಕಿತ್ತು. ಗಿರಾಕಿಗೆ ಯಾವ ಕೊರತೆಯೂ ಆಗಬಾರದು ಎಂದು ಒಂದು ಕಾಫಿಗೆ ಹನ್ನೊಂದು ಪ್ರಶ್ನೆ ಇಟ್ಟರು. ಸಕ್ಕರೆಯೋ ಬೆಲ್ಲವೋ, ಡಿಕಾಕ್ಷನ್ ಎಷ್ಟು, ಲೋಟವೋ ಕಪ್ಪೋ, ನೊರೆ ಬೇಕೋ ಬೇಡವೋ... ಹೋಟೆಲಿನ ಯಜಮಾನರು ಮೊದಲ ದಿನವೇ ಫೋನು ಮಾಡಿದರು.

“ಸ್ವಾಮಿ, ಒಂದು ಕಾಫಿಗೆ ಇಷ್ಟೊಂದು ವಿಚಾರಣೆ ಮಾಡಿದ್ರೆ, ಗಿರಾಕಿ ಏನೋ ತಪ್ಪು ಮಾಡ್ಬುಟ್ಟೆ ಅಂತ ಎದ್ದೋಗ್ತಾನೆ ಕಣ್ರೀ!”

ಅಂದು ಭಾವ ಊಟದ ತಟ್ಟೆಯ ಮುಂದೆ ಕೂತು ನನ್ನೊಡನೆ ಹೇಳಿದ್ದು ಇನ್ನೂ ನೆನಪಿದೆ. “ಕಮ್ಮಿ ಕೊಟ್ರೆ ಅವರ ಕೈ ಕಟ್ಟಿದ ಹಾಗಾಗುತ್ತೆ, ಜಾಸ್ತಿ ಕೊಟ್ರೆ ದಾರಿ ತಪ್ಪಿಸಿದ ಹಾಗಾಗುತ್ತೆ. ಎಷ್ಟು ಕೊಡ್ಬೇಕು ಅಂತ ನನಗೆ ಯಾವತ್ತೂ ಗೊತ್ತಾಗಲ್ಲ ಕಣಮ್ಮ.” ಅಕ್ಕ ಅವರ ತಟ್ಟೆಗೆ ಎರಡು ಸೌಟು ಹುಳಿ ಸುರಿದು, “ಈಗ ಇಷ್ಟು ಸಾಕು, ತಿನ್ನಿ” ಎಂದಳು. ಆ ಮನೆಯಲ್ಲಿ ತೀರ್ಮಾನಗಳೆಲ್ಲ ಅವಳವೇ. ಕೆಸರೆಯ ಒಂದು ಶಾಲೆಯಲ್ಲಿ ಅವಳು ಗಣಿತದ ಮೇಡಂ. ಅವಳ ದನಿ ಕೊನೆಯ ಬೆಂಚಿಗಷ್ಟೇ ಅಲ್ಲ, ಪಕ್ಕದ ತರಗತಿಯ ಕೊನೆಯ ಬೆಂಚಿಗೂ ಮುಟ್ಟುತ್ತಿತ್ತು.

ಕಳೆದ ವರ್ಷ ಒಂದು ಬೆಳಿಗ್ಗೆ, ಶಾಲೆಗೆ ಹೊರಡಲು ಸೀರೆಯ ನೆರಿಗೆ ಹಿಡಿಯುತ್ತಿದ್ದ ಅಕ್ಕ ಹಾಗೆಯೇ ಕುಸಿದಳು. ಸ್ಟ್ರೋಕ್. ಜೀವ ಉಳಿಯಿತು. ಬಲಗೈ ಸೋತಿತು, ಮಾತು ನಿಂತಿತು. ನಾವು ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ, ಆದರೆ ತನ್ನ ಮಾತು ಬಾಯಿಗೆ ಬರುವುದಿಲ್ಲ. ಬಂದರೆ ನಿಧಾನವಾಗಿ ಬರಬಹುದು, ಬಾರದೆಯೂ ಇರಬಹುದು ಎಂದರು ಡಾಕ್ಟರು. ಭಾವ ಅಳಲಿಲ್ಲ. ಮನೆಗೆ ಬಂದವರೇ ಒಂದು ಟ್ಯಾಬನ್ನು ಎದುರಿಗಿಟ್ಟುಕೊಂಡು ಕೂತರು. ಅಕ್ಕ ಒತ್ತಿದರೆ ಅದು ಅವಳ ಪರವಾಗಿ ಮಾತಾಡಬೇಕು.

ಮಾತಾಡಲು ಯಾರದಾದರೂ ದನಿ ಬೇಕಲ್ಲ? ಅಕ್ಕತಂಗಿಯರ ದನಿ ಒಂದೇ ಥರ ಎಂದು ನನ್ನ ತಲೆಯನ್ನು ಬೀರುವಿನೊಳಗೆ ಇಡಿಸಿ, ಮೇಲೆ ಕಂಬಳಿ ಹೊದೆಸಿ, ಮಾತಾಡಿಸಿದರು. ಹೊರಗಿನ ಸದ್ದು ಸೇರಬಾರದಂತೆ. ‘ನೀರು’, ‘ಊಟ’, ‘ಬಾತ್‌ರೂಮು’, ‘ನೋವು’. ನಾಲ್ಕೇ ಮಾತು, ಒಂದೊಂದಕ್ಕೂ ಪರದೆಯ ಮೇಲೆ ಒತ್ತಲು ಒಂದೊಂದು ಚೌಕ. ‘ನೋವು’ ಎನ್ನುವುದನ್ನು ಹದಿನೇಳು ಸಲ ಹೇಳಿಸಿದರು. “ಅಷ್ಟು ಖುಷಿಯಾಗಿ ಹೇಳ್ಬೇಡಮ್ಮ!”

ಅಕ್ಕ ಆ ನಾಲ್ಕು ಚೌಕಗಳನ್ನು ನೋಡಿದಳು. ಎಡಗೈಯಿಂದ ಟ್ಯಾಬನ್ನು ಮೆಲ್ಲಗೆ ದೂರ ತಳ್ಳಿ ಗೋಡೆಯ ಕಡೆ ತಿರುಗಿದಳು. ಮೂವತ್ತು ವರ್ಷ ಪಾಠ ಹೇಳಿದವಳಿಗೆ ನಾಲ್ಕು ಮಾತು! ಭಾವನಿಗೆ ತಪ್ಪು ತಿಳಿಯಿತು. ತಿಳಿದ ಮೇಲೆ ಏನು ಮಾಡಿದರು? ಅರವತ್ತು ಚೌಕ ಮಾಡಿದರು! ‘ಫ್ಯಾನು’, ‘ಕಿಟಕಿ’, ‘ಉಪ್ಪು ಸಾಲದು’, ‘ದಿಂಬು ಎತ್ತರ’... ಅಕ್ಕನ ಬೆರಳು ನೀರನ್ನು ಹುಡುಕುತ್ತ ಹೋಗಿ, ದಾರಿ ತಪ್ಪಿ, ನನ್ನ ದನಿಯಲ್ಲಿ “ಮಾವಿನಕಾಯಿ ಉಪ್ಪಿನಕಾಯಿ!” ಎಂದು ಕೂಗಿಸಿತು. ನನಗೆ ನಗು ಬಂತು. ಅಕ್ಕನ ಕಣ್ಣಲ್ಲಿ ನೀರು ಬಂತು. ಭಾವ ಟ್ಯಾಬು ಎತ್ತಿಕೊಂಡು ಎದ್ದುಹೋದರು.

ಕೊನೆಗೆ ಒಂಬತ್ತಕ್ಕೆ ನಿಂತರು. ಒಂಬತ್ತು ಹಿಡಿಸಿತು. ಒಂದು ವಾರ ಎಲ್ಲ ಸುಸೂತ್ರ. ಆಮೇಲೆ ಶುರುವಾಯಿತು ನೋಡಿ!

“ನೋವು.”

ಈಗ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಭಾವ ಓಡಿಬಂದು ಬಿಪಿ ನೋಡಿದರು. ಸರಿಯಾಗಿತ್ತು. ಅರ್ಧ ಗಂಟೆ ಬಿಟ್ಟು ಮತ್ತೆ, “ನೋವು.” ಒಮ್ಮೆ ಸ್ನಾನದ ಮಧ್ಯೆ ಮೈತುಂಬ ಸೋಪಿನೊಂದಿಗೆ ಟವೆಲು ಸುತ್ತಿಕೊಂಡು ಬಂದರು. ದಿನಕ್ಕೆ ಎಂಟು ಸಲ, ಹತ್ತು ಸಲ. ಆಸ್ಪತ್ರೆಗೆ ಕರೆದೊಯ್ದು ತಲೆಯಿಂದ ಕಾಲಿನವರೆಗೆ ತೋರಿಸಿದ್ದಾಯಿತು. ಏನೂ ಇಲ್ಲ ಎಂದರು. ಹಗಲು ಹೊತ್ತು ಅಕ್ಕನನ್ನು ನೋಡಿಕೊಳ್ಳಲು ಬರುತ್ತಿದ್ದ ಹೆಂಗಸು ನನ್ನ ಕೈ ಹಿಡಿದುಕೊಂಡು, “ಆ ಮಿಷಿನ್ನು ನೋವು ಅಂದ್ರೆ ನನ್ ಎದೇನೇ ಒಡ್ದೋದಂಗಾಯ್ತದೆ ಕಣವ್ವ. ಅಮ್ಮಾವ್ರಿಗೆ ಎಲ್ಲಿ ನೋವು ಅಂತ ಎಂಗ್ ತಿಳ್ಕೊಳದು?” ಎಂದಳು. ನನ್ನ ಪಾಡು ಇನ್ನೂ ಕೆಟ್ಟದ್ದು. ಅಕ್ಕನ ನೋವನ್ನು ಕೂಗುತ್ತಿದ್ದದ್ದು ನನ್ನದೇ ದನಿ! ದಿನವೂ ಅಲ್ಲಿಂದ ನನ್ನ ಮನೆಗೆ ಹೋದ ಮೇಲೂ ಅದು ಕಿವಿಯಲ್ಲೇ ಇರುತ್ತಿತ್ತು.

ಬೆರಳು ಜಾರುತ್ತಿರಬೇಕು ಎಂದು ಭಾವ ಆ ಚೌಕವನ್ನು ಮೂಲೆಗೆ ಸರಿಸಿದರು. ಅಕ್ಕನ ಬೆರಳೂ ಮೂಲೆಗೆ ಹೋಯಿತು. ಒತ್ತಿದೊಡನೆ ‘ನಿಜವಾಗಿಯೂ ನೋವೇ?’ ಎಂದು ಕೇಳುವ ಹಾಗೆ ಮಾಡಿದರು. ಅಕ್ಕ ಅವರನ್ನೇ ದುರುಗುಟ್ಟಿ ನೋಡುತ್ತ ‘ಹೌದು’ ಒತ್ತಿದಳು. “ಎಲ್ಲಿ ತೋರಿಸೇ” ಎಂದು ಬೇಡಿಕೊಂಡರೆ, ಎಡಗೈ ಎತ್ತಿ ನೇರವಾಗಿ ಭಾವನ ಕಡೆಗೇ ಬೊಟ್ಟು ಮಾಡಿದಳು. ಅಂದಿನಿಂದ ಭಾವ ಸರಿಯಾಗಿ ಊಟ ಮಾಡಲಿಲ್ಲ. “ನನ್ನಿಂದಾನೇ ಅವಳಿಗೆ ನೋವು ಅಂತೆ ಕಣಮ್ಮ. ನಾನು ಏನ್ ಮಾಡ್ಲಿ?”

ಒಂದು ಭಾನುವಾರ ಮಧ್ಯಾಹ್ನ ಭಾವ ಔಷಧಿ ತರಲು ಹೋದಾಗ ನಾನು ಅಕ್ಕನ ಹತ್ತಿರ ಕೂತಿದ್ದೆ. ಒಂದು ಗಂಟೆಯಾದರೂ ಅವಳು ಟ್ಯಾಬು ಮುಟ್ಟಲಿಲ್ಲ. “ನೋವಿದೆಯಾ ಅಕ್ಕ?” ಎಂದೆ. ಇಲ್ಲ ಎಂದು ತಲೆಯಾಡಿಸಿದಳು. ಅಷ್ಟರಲ್ಲಿ ಗೇಟಿನ ಹತ್ತಿರ ಭಾವನ ಸ್ಕೂಟರ್ ಸದ್ದಾಯಿತು. ಅಕ್ಕನ ಬೆರಳು ಸರಕ್ಕನೆ ಮೂಲೆಗೆ ಹೋಯಿತು.

“ನೋವು.”

ಭಾವ ಹೆಲ್ಮೆಟ್ ಸಮೇತ ಒಳಗೆ ನುಗ್ಗಿದರು. ಬಾಗಿಲಲ್ಲಿ ಅವರ ಮುಖ ಕಂಡದ್ದೇ ತಡ, ಅಕ್ಕನ ಹಣೆಯ ಗಂಟು ಸಡಿಲವಾಯಿತು. ಕೈಯೆತ್ತಿ ಅವರ ಅಂಗಿಯನ್ನು ತೋರಿಸಿದಳು. ನೋಡಿದರೆ, ಮೇಲಿನಿಂದ ಕೆಳಗಿನವರೆಗೆ ಒಂದೊಂದು ಗುಂಡಿಯೂ ಬೇರೆ ಕಾಜಿಗೆ ಸೇರಿಕೊಂಡು ಅಂಗಿ ಸೊಟ್ಟಗೆ ನಿಂತಿದೆ! ಊರಿನವರ ಗುಂಡಿಗಳನ್ನೆಲ್ಲ ನೇರ ಮಾಡುವ ಮಹಾಶಯರು ಆ ಅವತಾರದಲ್ಲೇ ಅಂಗಡಿಗೆ ಹೋಗಿಬಂದಿದ್ದರು.

ನಗುತ್ತಿದ್ದ ನನಗೆ ಆಗ ಹೊಳೆಯಿತು. ನೀರು ಎಂದರೆ ನೋಡಿಕೊಳ್ಳುವ ಹೆಂಗಸು ಹೋಗುತ್ತಾಳೆ. ಊಟ ಎಂದರೆ ನಾನು ಹೋಗುತ್ತೇನೆ. ನೋವು ಎಂದರೆ ಮಾತ್ರ ಭಾವ, ಎಲ್ಲಿದ್ದರೂ ಓಡಿಬರುತ್ತಾರೆ.

“ಭಾವ, ಅಕ್ಕಂಗೆ ನೋವಿಲ್ಲ. ನಿಮ್ಮನ್ನ ಕರೀತಿದಾಳೆ ಅಷ್ಟೆ. ಕರೆಯೋಕೆ ನೀವು ಚೌಕಾನೇ ಇಟ್ಟಿಲ್ವಲ್ಲ!”

ಭಾವ ಅಕ್ಕನ ಮುಖ ನೋಡಿದರು. ಅಕ್ಕ ಹೌದೆಂದು ಎರಡು ಸಲ ತಲೆಯಾಡಿಸಿದಳು. ಅವರು ಹೆಲ್ಮೆಟ್ ಕೂಡ ತೆಗೆಯದೆ ಮಂಚದ ಅಂಚಿನ ಮೇಲೆ ಕೂತುಬಿಟ್ಟರು.

ಚೌಕವೇನೋ ಆಯಿತು. ಅದರಲ್ಲಿ ಮಾತು ಯಾವುದು? ಭಾವನನ್ನು ಅಕ್ಕ ಕರೆಯುತ್ತಿದ್ದದ್ದು ‘ರೀ’ ಎಂದು. ನಾನು ಬೀರುವಿಗೆ ತಲೆಯಿಟ್ಟೆ, ಕಂಬಳಿ ಹೊದ್ದೆ, ಬಾಯಿ ತೆರೆದೆ. ಆಗಲಿಲ್ಲ! ಭಾವನನ್ನು ‘ರೀ’ ಎನ್ನುವುದೇ? ಹೊರಗೆ ಬಂದು ನೋಡಿದರೆ ಭಾವನ ಕಿವಿಯೂ ಕೆಂಪಗಾಗಿತ್ತು. “ಬೇಡ ಬುಡಮ್ಮ” ಎಂದು ತಮ್ಮ ಫೋನು ಹಿಡಿದುಕೊಂಡು ಕಿಟಕಿಯ ಹತ್ತಿರ ನಿಂತರು. ಬಹಳ ಹೊತ್ತು ಏನನ್ನೋ ಹುಡುಕಿದರು. ಹಿಂದೆ ಎಂದೋ ಅಕ್ಕ ಕಳಿಸಿದ್ದ ಒಂದು ವಾಯ್ಸ್ ಮೆಸೇಜು ಸಿಕ್ಕಿತು. “ರೀ, ಬರ್ತಾ ಕರಿಬೇವು ತನ್ನಿ, ಮರೀಬೇಡಿ.” ಅದರ ಮೊದಲ ಮಾತನ್ನಷ್ಟೇ ಕತ್ತರಿಸಿ ಚೌಕಕ್ಕೆ ಸೇರಿಸಿ, ಟ್ಯಾಬನ್ನು ಅಕ್ಕನ ಮುಂದಿಟ್ಟರು.

ಅಕ್ಕ ಒತ್ತಿದಳು.

“ರೀ.”

ಅವಳದೇ ದನಿ. ಸ್ವಲ್ಪ ಅವಸರದ, ಸ್ವಲ್ಪ ಗದರುವ ದನಿ. ಅಕ್ಕ ಬೆಚ್ಚಿ ತನ್ನ ಗಂಟಲನ್ನು ಮುಟ್ಟಿ ನೋಡಿಕೊಂಡಳು. ಭಾವ ಎರಡು ಅಡಿ ದೂರದಲ್ಲೇ ಇದ್ದರು.

“ಏನೇ?” ಎಂದರು.

ಅವಳು ಮತ್ತೆ ಒತ್ತಿದಳು. “ಏನೇ?” ಮತ್ತೆ ಒತ್ತಿದಳು. ಅವಳಿಗೆ ಏನೂ ಬೇಕಾಗಿರಲಿಲ್ಲ. ನಾನು ಕಾಫಿಗಿಡುವ ನೆಪದಲ್ಲಿ ಎದ್ದು ಅಡುಗೆಮನೆಗೆ ಬಂದೆ. ಹಾಲು ಕಾಯುವವರೆಗೂ ಆ ಕೋಣೆಯಿಂದ ಅವಳು ಕರೆಯುತ್ತಲೇ ಇದ್ದಳು, ಅವರು ಓಗೊಡುತ್ತಲೇ ಇದ್ದರು. ನಡುವೆ ಒಮ್ಮೆ “ಏನೇ” ಎನ್ನುವ ಬದಲು ಭಾವ ಮೂಗೆಳೆದುಕೊಂಡ ಸದ್ದು ಬಂತು. ಅವರು ಸುಧಾರಿಸಿಕೊಳ್ಳುವವರೆಗೆ ಅಕ್ಕ ಕಾದು, ಆಮೇಲೆ ಒತ್ತಿದಳು.